ನನ್ನ ಪರ ವಕಾಲತ್ತು ಹಾಕುವವರು ಬೇಕಿತ್ತು

ರಿಜಿಸ್ಟರ್ಡ್ ಪೋಸ್ಟಿನ ಲಕೋಟೆ ಬಂದಾಗ ನಾನು ಗದಗ ಜಿಲ್ಲಾ ಕೋರ್ಟಿನಲ್ಲಿ ಒಬ್ಬ ಸಾಕ್ಷಿಯ ಪಾಟೀ ಸವಾಲು ನಡೆಸುತ್ತಿದ್ದೆ. ಕಾರಕೂನ ಸಹಿ ಮಾಡಿ ಇಸಿದುಕೊಂಡು ಆಫೀಸಿನ ಮೇಜಿನ ಮೇಲೆ ಇಟ್ಟಿದ್ದ. ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಮೊಹರು. ಕಲ್ಯಾಣ ನಿಧಿಯ ಕಾಗದ ಇರಬೇಕೆಂದು ಒಡೆದೆ. ಒಳಗೆ ನನ್ನ ಮೇಲೆ ಬಂದ ದೂರಿನ ಪ್ರತಿ ಇತ್ತು, ಅದಕ್ಕೆ ಉತ್ತರ ಕೊಡಬೇಕೆಂಬ ನೋಟಿಸು ಇತ್ತು. ಇಪ್ಪತ್ತೊಂದು ವರ್ಷ ಬೇರೆಯವರ ನೋಟಿಸು ಓದಿದ ನನಗೆ ಆ ಎರಡು ಪುಟ ಮುಗಿಸಲು ಅರ್ಧ ತಾಸು ಹಿಡಿಯಿತು.

ದೂರು ಕೊಟ್ಟವರು ನನ್ನ ಪಕ್ಷಗಾರರೇ. ಗದಗ ತಾಲ್ಲೂಕಿನ ಒಬ್ಬ ರೈತರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಹೊಲದ ಖರೀದಿ ಕರಾರಿನ ಮೇಲೆ ಹಾಕಿದ್ದ ಅವರ ದಾವಾ ವಜಾ ಆಗಿತ್ತು. ಅಪೀಲಿಗೆಂದು 48,000 ರೂಪಾಯಿ ತಂದು ಕೊಟ್ಟಿದ್ದರು. ಅದರಲ್ಲಿ ಕೋರ್ಟ್ ಫೀ 39,375, ಉಳಿದದ್ದು ಖರ್ಚಿಗೆ. ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹಾಕಲು ಇರುವುದು 30 ದಿನ. ನಾನು ಹಾಕಿದ್ದು ಅವಧಿ ಮುಗಿದು 41 ದಿನದ ಮೇಲೆ. ವಿಳಂಬ ಮನ್ನಾ ಮಾಡಿ ಎಂಬ ಅರ್ಜಿ ತಿರಸ್ಕಾರವಾಯಿತು, ಅದರ ಜೊತೆ ಅಪೀಲೂ ಹೋಯಿತು. ಆಮೇಲೆ ಅವರು ಫೈಲು ಕೇಳಿದರು. ಹಳೆಯ ಫೀ ಬಾಕಿ ಐತಿ, ಅದನ್ನ ಮುಟ್ಟಿಸಿ ಫೈಲು ಒಯ್ಯಿರಿ ಅಂದೆ. ನಾಲ್ಕು ತಿಂಗಳು ಅವರು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಇಳಿದರು. 48,000 ರೂಪಾಯಿ ಪೂರಾ ನುಂಗಿದ್ದಾನೆ, ಕಾಗದ ಒತ್ತೆ ಇಟ್ಟುಕೊಂಡಿದ್ದಾನೆ, ಅಪೀಲು ಕೆಡಿಸಿದ್ದಾನೆ ಎಂಬುದು ದೂರು.

ಮೊದಲ ಮಾತು ಸುಳ್ಳು. ಕೋರ್ಟ್ ಫೀ ತುಂಬಿದ್ದಕ್ಕೆ ಕೋರ್ಟಿನ ಕಡತದಲ್ಲೇ ಪುರಾವೆ ಇತ್ತು. ಆ ಒಂದು ಸುಳ್ಳನ್ನು ಹಿಡಿದುಕೊಂಡು ಅವತ್ತು ರಾತ್ರಿ ಹನ್ನೊಂದಕ್ಕೆ ಉತ್ತರ ಬರೆಯಲು ಕೂತೆ. ಬೆಳಗಿನ ಜಾವಕ್ಕೆ ಹದಿನಾಲ್ಕು ಪುಟ ಆಗಿತ್ತು. ಹೆಂಡತಿ ಚಾ ತಂದಿಟ್ಟು ನಾಲ್ಕು ಪುಟ ಓದಿದಳು. ಅವಳು ಕಾನೂನು ಓದಿದವಳಲ್ಲ, ಶಾಲೆಯಲ್ಲಿ ಗಣಿತ ಕಲಿಸುವವಳು. "ಇದರಾಗ ಆ ಮನಷ್ಯಾನ್ನ ಎಷ್ಟು ಬೈದೀರಿ ನೋಡ್ರಿ. ಕೇಳಿದ್ದಕ್ಕ ಉತ್ರ ಎಲ್ಲೈತಿ?" ಅಂದಳು. ಯಾರನ್ನಾದರೂ ವಕೀಲರನ್ನು ಹಿಡಿಯಿರಿ ಅಂದಳು. ನಾನೇ ವಕೀಲ, ನನಗೆ ಇನ್ನೊಬ್ಬ ವಕೀಲ ಯಾಕೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಸುಮ್ಮನಾದೆ.

ಇಲ್ಲಿ ಕಾನೂನಿನ ಎರಡು ಮಾತು ಹೇಳಬೇಕು. ನಮ್ಮ ಹುಡುಗ ವಕೀಲರಿಗೂ ಇದು ಸರಿಯಾಗಿ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ. 1961ರ ವಕೀಲರ ಅಧಿನಿಯಮದ 35ನೇ ಕಲಮಿನ ಪ್ರಕಾರ, ವಕೀಲನೊಬ್ಬ ವೃತ್ತಿಯಲ್ಲಿ ಅಥವಾ ಬೇರೆ ರೀತಿಯಲ್ಲಿ ದುರ್ನಡತೆ ತೋರಿದ್ದಾನೆಂದು ನಂಬಲು ಕಾರಣವಿದ್ದರೆ ರಾಜ್ಯ ಪರಿಷತ್ತು ಅದನ್ನು ತನ್ನ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಸಮಿತಿಯಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನ ವಕೀಲರು. ಅಂದರೆ ಎರಡು ಮೆಟ್ಟಿಲು. ಮೊದಲ ಮೆಟ್ಟಿಲಲ್ಲಿ ನಾವು ಕೊಡುವ ಉತ್ತರ ಓದಿ, ಇದು ಸಮಿತಿಗೆ ಹೋಗಬೇಕೋ ಬೇಡವೋ ಎಂದು ಪರಿಷತ್ತು ನೋಡುತ್ತದೆ. ಆ ಉತ್ತರವನ್ನೇ ನಾನು ಸಿಟ್ಟಿನಲ್ಲಿ, ನಿದ್ದೆಗೆಟ್ಟು ಬರೆದಿದ್ದೆ. ಸಮಿತಿ ನಾಲ್ಕರಲ್ಲಿ ಒಂದು ಮಾಡಬಹುದು: ದೂರು ವಜಾ ಮಾಡಬಹುದು, ವಾಗ್ದಂಡನೆ ಕೊಡಬಹುದು, ಇಷ್ಟು ದಿನ ವಕೀಲಿ ಮಾಡಬೇಡ ಎಂದು ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ಹೊಡೆದು ಹಾಕಬಹುದು. ದೂರಿಗೆ ಗುರಿಯಾದವನು ತಾನೇ ಹಾಜರಾಗಬಹುದು, ಇಲ್ಲವೇ ವಕಾಲತ್ತುನಾಮೆ ಕೊಟ್ಟು ಇನ್ನೊಬ್ಬ ವಕೀಲರ ಮೂಲಕ ಹಾಜರಾಗಬಹುದು. ಹಾಗೆಂದು ನಿಯಮದಲ್ಲೇ ಇದೆ.

ಮೊದಲು ಹೋದದ್ದು ಗೆಳೆಯನ ಹತ್ತಿರ. ಧಾರವಾಡದ ಲಾ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಗದಗಿನಲ್ಲಿ ಒಂದೇ ಓಣಿಯಲ್ಲಿ ಆಫೀಸು ಮಾಡಿದವರು. ನಾನು ಬಾಯಿ ತೆರೆಯುವ ಮೊದಲೇ "ನಾ ನಡಸ್ತೀನಲೇ, ಬಿಡು" ಅಂದ. ಕಣ್ಣು ತುಂಬಿ ಬಂತು. ಎರಡು ದಿನದ ಮೇಲೆ ಅವನೇ ಮನೆಗೆ ಬಂದ. ನಾನು ಊರಲ್ಲಿ ಇರದ ದಿನ ಆ ರೈತರು 48,000ದಲ್ಲಿ 20,000 ಕೊಟ್ಟುಹೋಗಿದ್ದು ಅವನ ಕೈಯಲ್ಲೇ. ನಾಳೆ ವಿಚಾರಣೆಯಲ್ಲಿ ಅವನನ್ನೇ ಸಾಕ್ಷಿ ಹೇಳಲು ಕರೆಯುವ ಸಂಭವ ಇತ್ತು. ತಾನು ಸಾಕ್ಷಿಯಾಗಬಹುದೆಂದು ಗೊತ್ತಿರುವ ಪ್ರಕರಣದಲ್ಲಿ ವಕೀಲ ವಕಾಲತ್ತು ಹಿಡಿಯಬಾರದು. ಅದು ನಮ್ಮ ನಡತೆ ನಿಯಮಗಳಲ್ಲಿ 13ನೆಯದು. ಅವನು ಹೇಳಿದ್ದು ಸರಿ. ಅವತ್ತು ಮಾತ್ರ ಅವನು ನುಣುಚಿಕೊಂಡ ಅಂತಲೇ ನನಗೆ ಅನಿಸಿತು, ಮೂರು ವಾರ ಅವನ ಫೋನು ಎತ್ತಲಿಲ್ಲ. ಆ ಮೂರು ವಾರಕ್ಕೆ ಆಮೇಲೆ ಅವನ ಕ್ಷಮೆ ಕೇಳಿದ್ದೇನೆ.

ಗದಗಿನ ಬಾರ್ ರೂಮಿನಲ್ಲಿ ಸುದ್ದಿ ಹಬ್ಬಲು ಒಂದು ವಾರವೂ ಬೇಕಾಗಲಿಲ್ಲ. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದನ್ನು ಹೇಳಲೇಬೇಕು. ಆದರೆ ನಾನು ಒಳಗೆ ಹೋದರೆ ಮಾತು ಕ್ರಿಕೆಟ್ಟಿಗೋ ಮಳೆಗೋ ಹೊರಳುತ್ತಿತ್ತು. ಮೂವರನ್ನು ಕೇಳಿದೆ. ಒಬ್ಬರು ದೂರುದಾರರ ಅಳಿಯನ ಕೇಸು ನಡೆಸುತ್ತಿದ್ದರು. ಒಬ್ಬರಿಗೆ ಬೆಂಗಳೂರಿಗೆ ಅಲೆಯುವ ಶಕ್ತಿ ಇರಲಿಲ್ಲ. ಮೂರನೆಯವರು ನೇರ ಹೇಳಿದರು: "ನಾವು ದಿನಾ ಮುಖಾ ನೋಡೂ ಮಂದಿ. ನಿಮ್ಮ ಫೈಲು ಬಿಚ್ಚಿ ನಿಮ್ಮನ್ನ ಏನ್ ಕೇಳ್ಳೆಪಾ ನಾ?" ಆರೋಪಿಯೊಬ್ಬನ ಪರ ಯಾರೂ ನಿಲ್ಲಬಾರದೆಂದು ವಕೀಲರ ಸಂಘಗಳು ಠರಾವು ಮಾಡುವುದು ಕಾನೂನುಬಾಹಿರ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ವಿಷಯದಲ್ಲಿ ಯಾವ ಠರಾವೂ ಇರಲಿಲ್ಲ. ಮನುಷ್ಯರ ಸಂಕೋಚ ಇತ್ತು, ಅಷ್ಟೇ. ಅದರ ಮುಂದೆ ತೀರ್ಪು ಓದಿ ಹೇಳುವುದು ಹೇಗೆ?

ಆ ದಿನಗಳಲ್ಲಿ ಒಂದು ಹಳೆಯ ಸಂಗತಿ ನೆನಪಾಗಿ ನಿದ್ದೆ ಕೆಡಿಸುತ್ತಿತ್ತು. ಆರು ವರ್ಷದ ಹಿಂದೆ ನರಗುಂದ ಕಡೆಯ ಒಬ್ಬ ವಕೀಲರು ಇಂಥದೇ ನೋಟಿಸು ಹಿಡಿದು ನನ್ನ ಆಫೀಸಿಗೆ ಬಂದಿದ್ದರು. ಕೆಲಸ ಬಹಳ ಐತ್ರಿ ಅಂತ ಹೇಳಿ ಕಳಿಸಿದ್ದೆ. ಕೆಲಸ ಅಷ್ಟೇನೂ ಇರಲಿಲ್ಲ. ತನ್ನ ಅನುಭವಕ್ಕೆ ತಕ್ಕ ಫೀ ಸಿಕ್ಕರೆ ವಕೀಲ ಬಂದ ಪ್ರಕರಣ ಹಿಡಿಯಲೇಬೇಕು, ಬಿಡುವುದಾದರೆ ವಿಶೇಷ ಕಾರಣ ಬೇಕು ಎಂದು 11ನೇ ನಿಯಮ ಹೇಳುತ್ತದೆ. ಅವರನ್ನು ವಾಪಸು ಕಳಿಸಿದಾಗ ಆ ನಿಯಮ ನನ್ನ ತಲೆಗೇ ಬಂದಿರಲಿಲ್ಲ.

ಹುಬ್ಬಳ್ಳಿಯ ಹಿರಿಯರೊಬ್ಬರ ಹೆಸರನ್ನು ನಾಲ್ಕಾರು ಜನ ಹೇಳಿದರು. ಹೋದೆ. ಆಫೀಸಿನಲ್ಲಿ ಬಹಳ ಪ್ರೀತಿಯಿಂದ ಕೂರಿಸಿಕೊಂಡರು, ಮಿರ್ಚಿ ಭಜಿ ತರಿಸಿದರು. ದೂರಿನ ಪ್ರತಿಯನ್ನು ಮಡಿಕೆ ಸಹ ಬಿಚ್ಚದೆ ಮೇಜಿನ ಮೇಲಿಟ್ಟು, "ಇದಕ್ಕ ಉತ್ತರ ಯಾಕ ಬರೀತೀರಿ? ಬೆಂಗಳೂರಾಗ ನಮ್ಮವ್ರು ಅದಾರ, ಒಂದು ಫೋನ್ ಹಚ್ಚೂಣು" ಅಂದರು. ಮೂರು ನಿಮಿಷ ನನಗೆ ಹಾಯೆನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಅಣ್ಣಿಗೇರಿ ದಾಟುವಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆ ಫೋನು ಹೋದರೆ ನನ್ನ ಮೇಲೆ ಇರುವ ಮೂರು ಆರೋಪಕ್ಕೆ ನಾಲ್ಕನೆಯದು ಸೇರುತ್ತದೆ, ಅದು ಮೂರಕ್ಕಿಂತ ದೊಡ್ಡದು. ಮನೆ ಮುಟ್ಟುತ್ತಲೇ ಅವರಿಗೆ ಫೋನು ಮಾಡಿ, ದಯವಿಟ್ಟು ಯಾರಿಗೂ ಏನೂ ಹೇಳಬೇಡಿ ಎಂದು ಕೇಳಿಕೊಂಡೆ. ಬೇಜಾರಾದರು.

ಬೆಂಗಳೂರಿನಲ್ಲಿ ಇಂಥ ಕೆಲಸವನ್ನೇ ಮಾಡುತ್ತೇವೆ ಎಂದವರೊಬ್ಬರು ಫೋನಿನಲ್ಲಿ ಮೂರು ಲಕ್ಷ ಹೇಳಿದರು, ಅರ್ಧ ಮೊದಲು. ದೂರು ಏನೆಂದು ಕೇಳಲಿಲ್ಲ. "ವಜಾ ಮಾಡಿಸಿಕೊಡ್ತೀವಿ ಸರ್" ಅಂದರು. ಇಪ್ಪತ್ತೊಂದು ವರ್ಷದಲ್ಲಿ ನಾನು ಯಾವ ಪಕ್ಷಗಾರನಿಗೂ ಹಾಗೆ ಮಾತು ಕೊಟ್ಟಿಲ್ಲ. ಅಲ್ಲಿಗೆ ಅದು ಮುಗಿಯಿತು.

ಊರ ಹಿರಿಯರೊಬ್ಬರು ರಾಜಿ ಮಾಡಿಸುತ್ತೇವೆ ಎಂದು ಬಂದರು. ದುಡ್ಡು ಕೊಟ್ಟು ದೂರು ವಾಪಸು ತೆಗೆಸಿದರೆ ಎಲ್ಲ ಮುಗೀತು ಎಂಬುದು ಅವರ ಲೆಕ್ಕ. ಹಾಗೆ ಮುಗಿಯುವುದಿಲ್ಲ. ದೂರುದಾರ ವಾಪಸು ತೆಗೆದ, ರಾಜಿಯಾದ, ಮುಂದುವರಿಸಲು ಮನಸ್ಸಿಲ್ಲ ಎಂಬ ಕಾರಣಕ್ಕಷ್ಟೇ ಶಿಸ್ತು ವಿಚಾರಣೆ ಕೈಬಿಡಬಾರದು ಎಂದು ನಿಯಮ ಇದೆ. ಪರಿಷತ್ತಿಗೆ ಇದು ಇಬ್ಬರ ನಡುವಿನ ವ್ಯಾಜ್ಯ ಅಲ್ಲ. ವಕೀಲ ಆ ಪಟ್ಟಿಯಲ್ಲಿ ಇರಲು ಯೋಗ್ಯನೋ ಅಲ್ಲವೋ ಎಂಬ ಪ್ರಶ್ನೆ.

ಉತ್ತರ ಕೊಡುವ ದಿನಕ್ಕೆ ಹನ್ನೊಂದು ದಿನ ಉಳಿದಿತ್ತು. ಆಗ ಹೆಂಡತಿಯೇ ಹೇಳಿದಳು: "ಗುರ್ತಿನವ್ರನ್ನ ಬಿಡ್ರಿ. ನೀವು ಯಾರ ಎದುರು ಸೋತೀರಿ, ಅವ್ರ ಹತ್ರ ಹೋಗ್ರಿ." ಆ ಮಾತು ಕೇಳಿ ನನಗೆ ಧಾರವಾಡದ ಒಬ್ಬ ಮೇಡಂ ನೆನಪಾದರು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಸಂಚಾರಿ ಪೀಠ ಬಂದಾಗಿನಿಂದ ಅಲ್ಲಿ ನಡೆಸುತ್ತಿದ್ದವರು. ಒಂದು ಬಾಡಿಗೆ ಪ್ರಕರಣದಲ್ಲಿ ನನ್ನ ಎದುರು ಇದ್ದರು. ಅವತ್ತು ನಾನು ಹೇಳಿದ ಒಂದು ತೀರ್ಪು ಆಮೇಲೆ ಬದಲಾಗಿತ್ತು. ಅದನ್ನು ಅವರು ಕೋರ್ಟಿನಲ್ಲಿ ಎತ್ತಿ ಆಡದೆ, ಕಟಕಟೆಯ ಪಕ್ಕ ನನ್ನ ಕಿವಿಯಲ್ಲಿ ಹೇಳಿದ್ದರು. ಅಷ್ಟೇ ಪರಿಚಯ.

ಮಾಳಮಡ್ಡಿಯಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. "ಕೂಡ್ರಿ ವಕೀಲ್ರ" ಅಂದು ದೂರನ್ನು ಪೂರ್ತಿ ಓದಿದರು. ಆಮೇಲೆ ನನ್ನ ಹದಿನಾಲ್ಕು ಪುಟ ಕೇಳಿದರು. ಓದುತ್ತ ಓದುತ್ತ ಐದನೇ ಪುಟದಲ್ಲಿ ನಿಂತರು.

"ಇಲ್ಲಿ ಬರದೀರಿ, ಅಪೀಲು ತಡ ಆದದ್ದು ಪಕ್ಷಗಾರ ಜ್ವರದಾಗ ಮಲಗಿದ್ದಕ್ಕ ಅಂತ. ಅವರಿಗೆ ಜ್ವರ ಬಂದಿತ್ತೇನು?"

ನಾನು ಸುಮ್ಮನಿದ್ದೆ. ಗೋಡೆಯ ಗಡಿಯಾರದ ಸಪ್ಪಳ ಕೇಳುತ್ತಿತ್ತು.

"ಆ ವಿಳಂಬದ ಅರ್ಜಿ ಜೋಡಿ ಅಫಿಡವಿಟ್ ಕೊಟ್ಟೀರಲ್ಲ, ಅದನ್ನ ಬರದವ್ರು ಯಾರು?"

ಬರೆದವನು ನಾನು. ಆ ರೈತರಿಗೆ ಜ್ವರ ಬಂದಿರಲಿಲ್ಲ. ತೀರ್ಪಾದ ವಾರದಲ್ಲೇ ಅವರು ದುಡ್ಡು ಹೊಂದಿಸಿ ತಂದು ಕೊಟ್ಟಿದ್ದರು. ಆ ತಿಂಗಳು ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ವಾರ ಅವಳ ಜೊತೆ ನಾನಿದ್ದೆ. ತಿರುಗಿ ಬಂದಾಗ ಅವಧಿ ದಾಟಿತ್ತು. ನನ್ನ ತಪ್ಪು ಎಂದು ಕೋರ್ಟಿಗೆ ಹೇಳಲು ನಾಚಿಕೆಯಾಗಿ, ಪಕ್ಷಗಾರರ ಹೆಸರಿನಲ್ಲಿ ಜ್ವರ ಬರೆದೆ. ಅಫಿಡವಿಟ್ಟು ಇಂಗ್ಲಿಷಿನಲ್ಲಿತ್ತು. ಅವರು ನಾನು ಬೆರಳು ತೋರಿಸಿದಲ್ಲಿ ಸಹಿ ಮಾಡಿದರು. ವೈದ್ಯರ ಚೀಟಿ ಇಲ್ಲವೆಂದು ಕೋರ್ಟು ಅರ್ಜಿ ತಿರಸ್ಕರಿಸಿತು. ದೂರಿನಲ್ಲಿ ಇದರ ಮಾತೇ ಇರಲಿಲ್ಲ, ಏಕೆಂದರೆ ತಮ್ಮ ಸಹಿಯ ಮೇಲೆ ಏನಿದೆ ಎಂಬುದು ಅವರಿಗೇ ತಿಳಿದಿರಲಿಲ್ಲ.

ವಕೀಲನಿಗೆ ಪಕ್ಷಗಾರ ಹೇಳಿದ್ದು ಹೊರಗೆ ಹೋಗಬಾರದು ಎಂಬ 2024ರ ತನಕ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 126ನೇ ಕಲಮನ್ನು ನಾನು ನೂರಾರು ಜನರಿಗೆ ಹೇಳಿ ಧೈರ್ಯ ತುಂಬಿದ್ದೇನೆ. ಅವತ್ತು ಆ ಕಲಮಿನ ಕೆಳಗೆ ನಾನೇ ಕೂತು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ತಾಯಿಯ ಸುದ್ದಿ ಹೇಳುವಾಗ ಮೇಡಂ ತಲೆ ಎತ್ತಿ ನೋಡಿದರು, ಸಮಾಧಾನದ ಮಾತು ಹೇಳಲಿಲ್ಲ. ನೀರಿನ ತಂಬಿಗೆ ನನ್ನ ಕಡೆ ಸರಿಸಿದರು.

"ನೋಡ್ರಿ," ಅಂದರು, "ಈ ಉತ್ತರ ಹಿಂಗೇ ಹೋಗಿದ್ರ, ಒಂದು ಸುಳ್ಳಿಗೆ ಎರಡನೇ ಸಲ ಸಹಿ ಹಾಕಿದಂಗ ಆಗತಿತ್ತು, ಈ ಸಲ ನಿಮ್ಮದೇ ಹೆಸರಿನಾಗ. ಜ್ವರದ ಮಾತು ಇದ್ರ ನಾ ವಕಾಲತ್ತು ಹಾಕೂದಿಲ್ಲ. ಅದನ್ನ ತಗದು ಸುಮ್ಮನಿದ್ರ ಹಾಕ್ತೀನಿ, ಅವರು ಕೇಳಿದ್ರ ನೀವು ಖರೇ ಹೇಳಬೇಕು. ಮೂರನೇದು ಒಂದದ. ಮೊದಲನೇ ಉತ್ತರದಾಗೇ ನೀವಾಗಿ ಹೇಳೂದು. ಅದರಾಗ ನಿಮಗ ಧೋಕಾ ಅದ. ಆದ್ರ ಆ ರೈತ ಇನ್ನೂ ಹೈಕೋರ್ಟಿಗೆ ಬರಬಹುದು. ತಡ ಆದದ್ದು ವಕೀಲರ ತಪ್ಪಿನಿಂದ ಅಂತ ತೋರಿಸಲಿಕ್ಕೆ ಅವರ ಕಡೆ ಏನೂ ಇಲ್ಲ. ನಿಮ್ಮ ಮಾತು ಬಿಟ್ರ."

ವಕೀಲನ ತಪ್ಪಿಗೆ ಪಕ್ಷಗಾರನಿಗೆ ಶಿಕ್ಷೆ ಆಗಬಾರದು ಎಂದು ಸುಪ್ರೀಂ ಕೋರ್ಟು 1981ರಲ್ಲಿ, ರಫೀಕ್ ಎಂಬ ಅರ್ಜಿದಾರನ ಪ್ರಕರಣದಲ್ಲಿ ಹೇಳಿದ್ದು ನನಗೆ ಬಾಯಿಪಾಠ. ಎಷ್ಟೋ ವಿಳಂಬದ ಅರ್ಜಿಗಳಲ್ಲಿ ಬೇರೆ ವಕೀಲರ ತಪ್ಪು ತೋರಿಸಿ ಅದನ್ನು ಓದಿದ್ದೇನೆ.

"ಎರಡು ದಿನ ತಗೊಳ್ರಿ. ಮನ್ಯಾಗ ಮಾತಾಡ್ರಿ" ಎಂದರು ಮೇಡಂ. ಫೀ ಎಷ್ಟೆಂದೂ ಆಗಲೇ ಹೇಳಿದರು: ಒಟ್ಟು 60,000, ಮೂರು ಕಂತು. ಪ್ರಯಾಣ, ಟೈಪಿಂಗು, ನಕಲಿನ ಖರ್ಚಿಗೆ ಬೇರೆ 15,000 ಮುಂಗಡ. ಏನಾಗಬಹುದು ಎಂದು ಕೇಳಿದೆ. ವಾಗ್ದಂಡನೆಯಿಂದ ಒಂದು ವರ್ಷದ ಅಮಾನತಿನ ತನಕ ಏನೂ ಆಗಬಹುದು ಅಂದರು. ನನಗೆ ವಿಚಿತ್ರ ನೆಮ್ಮದಿಯಾಯಿತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ನಿಜ ಹೇಳಿದ್ದರು.

ಎರಡು ದಿನ ಎಂದಿದ್ದರು. ಮರುದಿನ ಸಂಜೆಯೇ ಫೋನು ಮಾಡಿ ಮೂರನೆಯದು ಅಂದೆ. ತಾಯಿಗೆ ಇದನ್ನೆಲ್ಲ ಹೇಳಿರಲಿಲ್ಲ, ಹೇಗೋ ತಿಳಿದಿತ್ತು. "ನನ್ನ ಹೆಸರು ಮುಂದ ಮಾಡಿ ತಪ್ಪಿಸ್ಕೊಬ್ಯಾಡ" ಎಂದಷ್ಟೇ ಹೇಳಿದಳು. ಉತ್ತರದಲ್ಲಿ ಅವಳ ಕಾಯಿಲೆಗೆ ಒಂದೇ ಸಾಲು ಇತ್ತು.

ಆಮೇಲೆ ಮೇಡಂ ಮಾಡಿಸಿದ ಕೆಲಸಗಳ ಕ್ರಮ ನನಗೆ ಈಗಲೂ ನೆನಪಿದೆ. ಮೊದಲು ಫೈಲು. ವಕೀಲರ ಫೀ ಬಾಕಿ ಇದೆಯೆಂದು ಪಕ್ಷಗಾರನ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ಇಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟ್ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಫೀ ಬೇಕಾದರೆ ಬೇರೆ ದಾರಿಯಲ್ಲಿ ವಸೂಲಿ ಮಾಡಬೇಕು, ಕಾಗದ ಕೊಡಲೇಬೇಕು. ಇದು ನಮ್ಮ ಊರುಗಳಲ್ಲಿ ಬಹಳ ಜನ ವಕೀಲರಿಗೆ ಗೊತ್ತಿಲ್ಲ, ಗೊತ್ತಿದ್ದರೂ ಹಳೆಯ ರೂಢಿ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. ಪುಟಪುಟಕ್ಕೂ ಯಾದಿ ಮಾಡಿ, ಯಾವ ಷರತ್ತೂ ಹಾಕದೆ, ದೂರಿನ ಮಾತೇ ಎತ್ತದೆ ಫೈಲು ಮುಟ್ಟಿಸಬೇಕು, ನಾನೇ ಹೋಗಬಾರದು ಎಂದರು. ಕಾರಕೂನ ಹಳ್ಳಿಗೆ ಹೋಗಿ ಕೊಟ್ಟು, ಮುಟ್ಟಿದೆ ಎಂದು ಪೋಚು ಬರೆಸಿಕೊಂಡು ಬಂದ.

ಆಮೇಲೆ ಲೆಕ್ಕ. ಪಕ್ಷಗಾರ ಕೊಟ್ಟ ಹಣಕ್ಕೆ ತಾರೀಖು ಸಹಿತ ಲೆಕ್ಕ ಇಡಬೇಕು ಎಂಬುದು 25ನೇ ನಿಯಮ. ಖರ್ಚಿಗೆ ಕೊಟ್ಟ ಹಣವನ್ನು ಪ್ರಕರಣ ನಡೆದಿರುವಾಗ ಪಕ್ಷಗಾರನ ಲಿಖಿತ ಒಪ್ಪಿಗೆ ಇಲ್ಲದೆ ಫೀಗೆ ತಿರುಗಿಸಿಕೊಳ್ಳಬಾರದು ಎಂಬುದು 26. ನನ್ನ ಹತ್ತಿರ ಇದ್ದದ್ದು ಒಂದು ಡೈರಿ, ಅದರಲ್ಲಿ "48 ಬಂತು" ಎಂಬ ಒಂದು ಗೀಟು. ಕೋರ್ಟ್ ಫೀ ಕಳೆದು 8,625 ಉಳಿಯಿತು. ನಕಲು, ಟೈಪಿಂಗು, ಪ್ರೊಸೆಸ್ ಫೀ ಅಂತ ಹುಡುಕಿ ಹುಡುಕಿ 3,140 ರೂಪಾಯಿಗೆ ಕಾಗದ ಸಿಕ್ಕಿತು. ಮಿಕ್ಕ 5,485 ಎಲ್ಲಿ? ಫೀ ಬಾಕಿ ಇತ್ತಲ್ಲ, ಅದಕ್ಕೆ ಹಿಡಿದುಕೊಂಡೆ ಅಂದೆ. ಮೇಡಂ 26ನೇ ನಿಯಮದ ಪುಟ ತೆರೆದು ನನ್ನ ಮುಂದೆ ಇಟ್ಟರು. ಕದ್ದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಆದರೆ ಆ ಪುಟವನ್ನು ಆ ರೈತರ ಕಣ್ಣಿನಿಂದ ಓದಿದರೆ ಬೇರೆ ಏನು ಅನಿಸಬೇಕು? 5,485ನ್ನು ಬ್ಯಾಂಕಿನ ಡಿಡಿ ಮಾಡಿ ಕಳಿಸಿದೆವು, ಜೊತೆಗೆ ಲೆಕ್ಕದ ಪ್ರತಿ.

ಉತ್ತರ ಕೊನೆಗೆ ನಾಲ್ಕು ಪುಟ ಆಯಿತು. ನಾನು ಬರೆದ ಹದಿನಾಲ್ಕರಲ್ಲಿ ಉಳಿದದ್ದು ದಾವೆಯ ನಂಬರು, ತಾರೀಖುಗಳು, ಕೋರ್ಟ್ ಫೀ ತುಂಬಿದ ಸಂಗತಿ. ವಕಾಲತ್ತುನಾಮೆಗೆ ಸಹಿ ಮಾಡುವಾಗ ಪಕ್ಷಗಾರನ ಸಹಿಯ ಜಾಗ ಹುಡುಕಬೇಕಾಯಿತು. ಕೈ ತಾನಾಗಿ ಕೆಳಗೆ, ವಕೀಲರು ಸಹಿ ಮಾಡುವ ಕಡೆ ಹೋಗಿತ್ತು.

ಪರಿಷತ್ತು ಪ್ರಕರಣವನ್ನು ಸಮಿತಿಗೆ ಒಪ್ಪಿಸಿತು. ದೂರು ಬಂದ ಒಂದು ವರ್ಷದೊಳಗೆ ರಾಜ್ಯ ಸಮಿತಿ ಮುಗಿಸದಿದ್ದರೆ ಅದು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ, 36-ಬಿ ಕಲಂ. ಹಾಗಾಗಿ ವಿಚಾರಣೆ ಮುಂದೂಡಿ ಎಂದು ನಮ್ಮ ಕಡೆಯಿಂದ ಒಂದು ಮುದ್ದತ್ತೂ ಕೇಳಬಾರದು ಎಂದು ಮೇಡಂ ಮೊದಲೇ ಹೇಳಿದ್ದರು. ನಾಲ್ಕು ಸಲ ಬೆಂಗಳೂರಿಗೆ ಹೋದೆವು. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಅವರು ಧಾರವಾಡದಲ್ಲಿ ಹತ್ತುತ್ತಿದ್ದರು, ನಾನು ಹುಬ್ಬಳ್ಳಿಯಲ್ಲಿ. ರೈಲಿನಲ್ಲಿ ಪ್ರಕರಣದ ಮಾತು ಎತ್ತಲು ಬಿಡುತ್ತಿರಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ ತಂದಿರುತ್ತಿದ್ದರು. ಹಾವೇರಿ ದಾಟುವುದರೊಳಗೆ ಅವರಿಗೆ ನಿದ್ದೆ. ನನಗೆ ಅರಸೀಕೆರೆ ಬಂದರೂ ಇಲ್ಲ.

ಅಂಬೇಡ್ಕರ್ ವೀಧಿಯ ಆ ಕಟ್ಟಡಕ್ಕೆ ನಾನು ಹಿಂದೆ ಹೋಗಿದ್ದು ವಕೀಲಿಯ ಸನದು ತರಲು, ಅಪ್ಪನ ಜೊತೆ. ವಿಚಾರಣೆಯ ಕೋಣೆ ಕೋರ್ಟಿಗಿಂತ ಸಣ್ಣದು. ಮೂವರು ಮೇಜಿನ ಆಚೆ, ನಾವು ಈಚೆ. ಸಾಕ್ಷಿ ಕರೆಸಲು, ಕಾಗದ ತರಿಸಲು ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಸಾಮಾನ್ಯವಾಗಿ ಅಫಿಡವಿಟ್ಟು, ದಾಖಲೆಗಳ ಮೇಲೆ ತೀರ್ಮಾನವಾಗುತ್ತದೆ. ನ್ಯಾಯದ ದೃಷ್ಟಿಯಿಂದ ಬೇಕೆನಿಸಿದರೆ ಪಾಟೀ ಸವಾಲಿಗೆ ಅವಕಾಶ ಕೊಡುತ್ತಾರೆ. ಹಣ ನುಂಗಿದ ಆರೋಪದ ಮೇಲೆ ದೂರುದಾರರನ್ನು ಪಾಟೀ ಸವಾಲು ಮಾಡಲು ಮೇಡಂ ಅವಕಾಶ ಕೇಳಿ ಪಡೆದರು. ದುರ್ನಡತೆಯ ಆರೋಪ ಅರೆ ಕ್ರಿಮಿನಲ್ ಸ್ವರೂಪದ್ದು, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು ಎಂಬುದು ಎಚ್.ವಿ. ಪಂಚಾಕ್ಷರಪ್ಪ ಪ್ರಕರಣದಲ್ಲಿ ಬಂದ ಮಾತು, ಅದೂ 2000ದ್ದು. ಆ ತೀರ್ಪನ್ನು ಎದುರಿಗೆ ಇಟ್ಟುಕೊಂಡು ಅವರು ಕೇಳಿದ್ದು ಆರೇ ಪ್ರಶ್ನೆ, ಎಲ್ಲವೂ ಕೋರ್ಟ್ ಫೀ ತುಂಬಿದ ರಸೀದಿಯ ಬಗ್ಗೆ.

ಆ ರೈತರು ಬಿಳಿ ಪಟಗಾ ಸುತ್ತಿಕೊಂಡು, ಮಗನ ಹೆಗಲು ಹಿಡಿದು ಬಂದಿದ್ದರು. ಐದನೇ ಪ್ರಶ್ನೆಗೆ "ಹಂಗಿದ್ರ ಕೋರ್ಟ್ ಫೀ ತುಂಬ್ಯಾರ್ರಿ, ನಂಗ ಯಾರೂ ಹೇಳಿರ್ಲಿಲ್ರಿ" ಅಂದರು. ನಾನು ನೆಲ ನೋಡುತ್ತ ಕೂತಿದ್ದೆ. ಹೇಳಬೇಕಾಗಿದ್ದವನು ನಾನೇ. ಅವರು ಮೆಟ್ಟಿಲು ಹತ್ತಿ ಇಳಿದ ಆ ನಾಲ್ಕು ತಿಂಗಳಲ್ಲಿ ಒಂದು ದಿನ ಆ ರಸೀದಿ ತೋರಿಸಿದ್ದರೆ ಸಾಕಿತ್ತು. ನಾನೇ ನಡೆಸಿದ್ದರೆ ಅವರನ್ನು ಇನ್ನೂ ನಲವತ್ತು ಪ್ರಶ್ನೆ ಕೇಳುತ್ತಿದ್ದೆ, ಮಾನ ಕಳೆಯುತ್ತಿದ್ದೆ. ಮೇಡಂ ಅವರಿಗೆ ಕೈಮುಗಿದು ಕೂತರು.

ಅಧ್ಯಕ್ಷರು ಜ್ವರದ ಅಫಿಡವಿಟ್ಟಿನ ಬಗ್ಗೆ ನನ್ನನ್ನೇ ಕೇಳಿದರು. ಎದ್ದು ನಿಂತು, ಬರೆದದ್ದು ನಾನು, ಅದು ಸುಳ್ಳು, ಪಕ್ಷಗಾರರಿಗೆ ತಿಳಿದಿರಲಿಲ್ಲ ಎಂದೆ. ಇನ್ನೇನಾದರೂ ಹೇಳುವುದಿದೆಯೇ ಅಂದರು. ಇಲ್ಲವೆಂದೆ.

ಆದೇಶ ಬಂದದ್ದು ಏಳು ವಾರದ ಮೇಲೆ. ಹಣ ದುರುಪಯೋಗದ ಆರೋಪ ಸಾಬೀತಾಗಿಲ್ಲ. ಫೈಲು ಹಿಡಿದಿಟ್ಟದ್ದು, ಲೆಕ್ಕ ಇಡದ್ದು, ಸುಳ್ಳು ಅಫಿಡವಿಟ್ಟು, ಈ ಮೂರೂ ದುರ್ನಡತೆ. ಮೂರು ತಿಂಗಳ ಅಮಾನತು. ತಾನಾಗಿ ಒಪ್ಪಿಕೊಂಡದ್ದನ್ನು ಶಿಕ್ಷೆ ನಿಗದಿ ಮಾಡುವಾಗ ಪರಿಗಣಿಸಲಾಗಿದೆ ಎಂಬ ಒಂದು ವಾಕ್ಯ ಇತ್ತು. ಭಾರತೀಯ ವಕೀಲರ ಪರಿಷತ್ತಿಗೆ ಅಪೀಲು ಹೋಗಲು 60 ದಿನ. ಮೇಡಂ ಹೋಗುವ ದಾರಿಯನ್ನೂ, ಗೆಲ್ಲುವ ಸಂಭವವನ್ನೂ ವಿವರಿಸಿದರು, ಒತ್ತಾಯ ಮಾಡಲಿಲ್ಲ. ನಾನು ಬೇಡವೆಂದೆ.

ಮೂರು ತಿಂಗಳು ದೇಶದ ಯಾವ ಕೋರ್ಟಿನಲ್ಲೂ ನಿಲ್ಲುವಂತಿಲ್ಲ. ನನ್ನ ಪ್ರಕರಣಗಳಲ್ಲಿ ಬೇರೆಯವರು ವಕಾಲತ್ತು ಹಾಕಬೇಕಿತ್ತು. ಪಕ್ಷಗಾರರಿಗೆ ಒಬ್ಬೊಬ್ಬರಿಗೂ ಕಾರಣ ಹೇಳಿ ಫೈಲು ಕೊಟ್ಟೆ. ಹನ್ನೆರಡು ಜನ ತಿರುಗಿ ಬರಲಿಲ್ಲ. ಮೂರನೆಯ ದಿನ ಗೆಳೆಯ ಬಂದು ಉಳಿದ ಫೈಲುಗಳನ್ನು ಸ್ಕೂಟರಿನಲ್ಲಿ ಎರಡು ಖೇಪಿನಲ್ಲಿ ಒಯ್ದ.

ಆ ರೈತರ ಹೊಸ ವಕೀಲರು ಧಾರವಾಡ ಪೀಠದಲ್ಲಿ ಎರಡನೇ ಅಪೀಲು ಹಾಕಿದರು. ನನ್ನ ಉತ್ತರದ ಪ್ರತಿ ಅವರ ಕೈಯಲ್ಲಿ ಇತ್ತು. ಹೈಕೋರ್ಟು ವಿಳಂಬ ಮನ್ನಾ ಮಾಡಿ, ಅಪೀಲನ್ನು ಗುಣಾವಗುಣದ ಮೇಲೆ ಕೇಳಬೇಕೆಂದು ಗದಗಿಗೆ ವಾಪಸು ಕಳಿಸಿದೆ. ಅದು ಇನ್ನೂ ನಡೆದಿದೆ. ಕೋರ್ಟಿನ ವರಾಂಡದಲ್ಲಿ ಒಮ್ಮೆ ಎದುರಾದರು. ನಾನು ನಮಸ್ಕಾರ ಮಾಡಿದೆ. ಅವರು ನಿಂತರು, ಏನೋ ಹೇಳಲು ಹೋಗಿ ಹೇಳದೆ, ತಲೆ ಆಡಿಸಿ ಒಳಗೆ ಹೋದರು.

ಕೊನೆಯ ಕಂತು ಕೊಡಲು ಮಾಳಮಡ್ಡಿಗೆ ಹೋದಾಗ ಮೇಡಂ ನನ್ನ ಫೈಲನ್ನು ಕಟ್ಟಿ ಇಟ್ಟಿದ್ದರು, ಮೇಲೆ ಯಾದಿ. ಅದರ ಜೊತೆ ಕೈಬರಹದ ಒಂದು ಹಾಳೆ. 15,000 ಮುಂಗಡ ಬಂದ ತಾರೀಖು, ನಾಲ್ಕು ಸಲದ ರೈಲು ಟಿಕೆಟ್ಟು, ಆಟೋ, ಟೈಪಿಂಗು, ನಕಲು, ಅಂಚೆ. ರೊಟ್ಟಿಗೆ ಏನೂ ಹಿಡಿದಿರಲಿಲ್ಲ. ಉಳಿಕೆ 2,380. ಒಂದು ಲಕೋಟೆಯಲ್ಲಿ ಆ ಹಣ.

"ಎಣಿಸ್ಕೊಂಡು ಸಹಿ ಮಾಡ್ರಿ ವಕೀಲ್ರ" ಅಂದರು. ಎಣಿಸಿದೆ. ಸರಿಯಿತ್ತು. ಸಹಿ ಮಾಡಿ, ತಾರೀಖು ಹಾಕಿದೆ.